ಗಾಲಿಗಳ ಮೇಲಿನ ಮನೆ: ಅಮೆರಿಕೆಯ ಆರ್‌ವಿ ಪ್ರವಾಸ

ಅಡುಗೆಮನೆ, ಮಂಚ, ಶೌಚಾಲಯಗಳನ್ನು ತನ್ನೊಳಗೇ ಹೊಂದಿದ ವಾಹನಕ್ಕೆ ಅಮೆರಿಕೆಯಲ್ಲಿ ‘ರಿಕ್ರಿಯೇಷನಲ್ ವೆಹಿಕಲ್’, ಸಂಕ್ಷೇಪವಾಗಿ ‘ಆರ್‌ವಿ’ ಎಂದು ಹೆಸರು. ನಮ್ಮಲ್ಲಿ ಅನೇಕರ ಮಕ್ಕಳು ಆ ದೇಶದಲ್ಲಿ ನೆಲೆಸಿರುವುದರಿಂದ, ಬೇಸಿಗೆಯಲ್ಲಿ ಅಲ್ಲಿಗೆ ತೆರಳುವ ಹಿರಿಯರಿಗೂ ಇಂತಹ ಪ್ರವಾಸದ ಯೋಗ ಒದಗುವುದುಂಟು. ಇದನ್ನು ಹೋಟೆಲಿನ ಖರ್ಚು ಉಳಿಸುವ ಉಪಾಯವೆಂದು ಮಾತ್ರ ಭಾವಿಸಬಾರದು. ನೀರು, ವಿದ್ಯುತ್ತು, ಕಸ ಈ ಮೂರಕ್ಕೂ ಪ್ರವಾಸಿಯೇ ಲೆಕ್ಕವಿಡಬೇಕಾದ ಸಂಸಾರವಿದು.

ವಾಹನದ ಬಗೆಗಳು

ಸ್ವಯಂಚಾಲಿತ ಆರ್‌ವಿಗಳಲ್ಲಿ ಮೂರು ವರ್ಗಗಳಿವೆ. ಬಸ್ಸಿನಷ್ಟು ದೊಡ್ಡದು ‘ಎ’, ವ್ಯಾನಿನ ಗಾತ್ರದ್ದು ‘ಬಿ’, ಚಾಲಕನ ತಲೆಯ ಮೇಲ್ಭಾಗದಲ್ಲಿ ಹಾಸಿಗೆಯುಳ್ಳದ್ದು ‘ಸಿ’. ಕುಟುಂಬಗಳು ಬಾಡಿಗೆಗೆ ಪಡೆಯುವುದು ಹೆಚ್ಚಾಗಿ ‘ಸಿ’ ವರ್ಗವನ್ನೇ. ಇವಲ್ಲದೆ ಬೇರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೈಲರುಗಳೂ ಇವೆ.

ಒಂದು ಹೆದ್ದಾರಿ, ಒಂದು ಇತಿಹಾಸ

ಷಿಕಾಗೋದಿಂದ ಐ-90 ಹೆದ್ದಾರಿ ಹಿಡಿದು ದಕ್ಷಿಣ ಡಕೋಟದ ಬ್ಯಾಡ್‌ಲ್ಯಾಂಡ್ಸ್, ಮೊಂಟಾನದ ಬಿಲಿಂಗ್ಸ್ ಮಾರ್ಗವಾಗಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಸೇರಲು ಸುಮಾರು 2,200 ಕಿ.ಮೀ. ಇದೇ ಬಿಲಿಂಗ್ಸ್‌ನಲ್ಲಿ, 1962ರಲ್ಲಿ, ಸಿಯಾಟಲ್ ವಿಶ್ವಮೇಳಕ್ಕೆ ಹೊರಟ ಪ್ರಯಾಣಿಕರಿಗಾಗಿ ಡೇವ್ ಡ್ರಮ್ ಎಂಬವರು ನದೀತೀರದ ತಮ್ಮ ಜಮೀನಿನಲ್ಲಿ ಶಿಬಿರತಾಣವೊಂದನ್ನು ತೆರೆದರು. ಬಿಸಿನೀರಿನ ಸ್ನಾನ, ಶೌಚಾಲಯ, ಸಣ್ಣ ಅಂಗಡಿ ಅಲ್ಲಿದ್ದವು. ಇಂದು ಉತ್ತರ ಅಮೆರಿಕದಾದ್ಯಂತ ಹರಡಿರುವ ‘ಕೆಓಎ’ ಶಿಬಿರತಾಣಗಳ ಮೂಲ ಇದೇ.

ನೀರು ಮತ್ತು ವಿದ್ಯುತ್ತು

ಆರ್‌ವಿಯಲ್ಲಿ ಮೂರು ತೊಟ್ಟಿಗಳಿರುತ್ತವೆ: ಶುದ್ಧ ನೀರಿನದು, ಸ್ನಾನ ಹಾಗೂ ಪಾತ್ರೆ ತೊಳೆದ ‘ಬೂದು ನೀರಿ’ನದು, ಶೌಚಾಲಯದ ‘ಕಪ್ಪು ನೀರಿ’ನದು. ಶಿಬಿರತಾಣದ ಒಳಚರಂಡಿಗೆ ಕೊಳವೆ ಜೋಡಿಸಿದ ಮಾತ್ರಕ್ಕೆ ಕಪ್ಪು ನೀರಿನ ಕವಾಟವನ್ನು ತೆರೆದಿಡಬಾರದು. ಹಾಗಿಟ್ಟರೆ ನೀರು ಹರಿದುಹೋಗಿ ಮಲ ತೊಟ್ಟಿಯಲ್ಲೇ ಗಟ್ಟಿಯಾಗುವುದು. ತೊಟ್ಟಿ ಬಹುಪಾಲು ತುಂಬಿದ ಮೇಲೆ, ಕೈಗವಸು ಧರಿಸಿ, ಮೊದಲು ಕಪ್ಪು ನೀರನ್ನೂ ಆನಂತರ ಬೂದು ನೀರನ್ನೂ ಬಿಡಬೇಕು. ಎರಡನೆಯದು ಕೊಳವೆಯನ್ನು ತೊಳೆಯುತ್ತದೆ. ಇಲ್ಲಿ ಈ ಕೆಲಸಕ್ಕೆ ಬೇರೊಬ್ಬರಿಲ್ಲ; ಯಜಮಾನನೇ ಮಾಡಬೇಕು. ತನ್ನ ಮಲಿನವನ್ನು ತಾನೇ ವಿಲೇವಾರಿ ಮಾಡುವುದರಲ್ಲಿ ನಮಗೆಲ್ಲ ಒಂದು ಪಾಠವಿದೆಯೆಂದೇ ನಾವು ಭಾವಿಸುತ್ತೇವೆ.

30 ಆಂಪಿಯರ್ ಸಂಪರ್ಕದಲ್ಲಿ, 120 ವೋಲ್ಟಿನಂತೆ, ದೊರೆಯುವುದು ಗರಿಷ್ಠ 3,600 ವಾಟ್. ಹವಾನಿಯಂತ್ರಕ, ಮೈಕ್ರೋವೇವ್, ವಿದ್ಯುತ್ ಒಲೆ ಒಟ್ಟಿಗೆ ನಡೆದರೆ ಸಂಪರ್ಕ ಕಡಿತಗೊಳ್ಳಬಹುದು. 230 ವೋಲ್ಟಿನ ನಮ್ಮ ಊರಿನ ಮಿಕ್ಸಿ ಅಲ್ಲಿ ಕೆಲಸಕ್ಕೆ ಬಾರದು. ಚಟ್ನಿಪುಡಿ ಒಯ್ಯುವುದೇ ಲೇಸು.

ಕರಡಿಗಳ ನೆರೆಯಲ್ಲಿ

1872ರಲ್ಲಿ ಸ್ಥಾಪಿತವಾದ ಯೆಲ್ಲೊಸ್ಟೋನ್‌ನೊಳಗೆ ನೀರು, ವಿದ್ಯುತ್, ಒಳಚರಂಡಿ ಮೂರೂ ಇರುವ ಶಿಬಿರತಾಣ ಫಿಷಿಂಗ್ ಬ್ರಿಜ್ ಒಂದೇ. ಹೆಸರು ಹಾಗಿದ್ದರೂ ಆ ಸೇತುವೆಯಿಂದ ಮೀನು ಹಿಡಿಯುವುದು 1973ರಿಂದ ನಿಷಿದ್ಧ. ಗ್ರಿಜ್ಲಿ ಕರಡಿಗಳ ಸಂಚಾರವಿರುವ ಕಾರಣ ಈ ಶಿಬಿರತಾಣದಲ್ಲಿ ಬಟ್ಟೆಯ ಡೇರೆಗಳಿಗೆ ಅವಕಾಶವಿಲ್ಲ. ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ.

ಈ ಕಟ್ಟುನಿಟ್ಟಿನ ಹಿಂದೆ ಕಹಿ ಅನುಭವವಿದೆ. ದಶಕಗಳ ಕಾಲ ಅಲ್ಲಿನ ಕರಡಿಗಳು ತೆರೆದ ಕಸದ ಗುಂಡಿಗಳಲ್ಲಿಯೂ ಪ್ರವಾಸಿಗರ ಕೈಯಿಂದಲೂ ತಿಂದು ಬೆಳೆದವು. 1970ರ ಸುಮಾರಿಗೆ ಗುಂಡಿಗಳನ್ನು ಮುಚ್ಚಿದಾಗ, ಅಭ್ಯಾಸಬಲದಿಂದ ಶಿಬಿರತಾಣಗಳತ್ತ ಬಂದ ಅನೇಕ ಕರಡಿಗಳನ್ನು ಕೊಲ್ಲಬೇಕಾಯಿತು. 1975ರಲ್ಲಿ ಗ್ರಿಜ್ಲಿಗೆ ಕಾನೂನಿನ ವಿಶೇಷ ರಕ್ಷಣೆ ದೊರೆಯಿತು. ಆದುದರಿಂದ ಒಗ್ಗರಣೆಯ ಬಾಣಲೆಯನ್ನು ತೊಳೆಯದೆ ಹೊರಗಿಡುವುದು ಸಣ್ಣ ಅಲಕ್ಷ್ಯವಲ್ಲ. ಅದರ ಬೆಲೆಯನ್ನು ತೆರುವುದು ಕರಡಿ. ಆಹಾರ, ಪಾತ್ರೆ, ಕಸ ಎಲ್ಲವೂ ವಾಹನದೊಳಗಿರಬೇಕು. ಕರಡಿ ಕಂಡರೆ ಕನಿಷ್ಠ 91 ಮೀಟರ್ ದೂರವಿರಬೇಕೆಂಬುದು ಅಲ್ಲಿನ ನಿಯಮ.

ಹೊರಡುವ ಮುನ್ನ

ಬೇಸಿಗೆಯ ಜಾಗಗಳನ್ನು ಹಲವು ತಿಂಗಳ ಮೊದಲೇ ಕಾದಿರಿಸಬೇಕು. ವಾಹನದ ಎತ್ತರವನ್ನು ಬರೆದು ಚಾಲಕನ ಕಣ್ಣೆದುರು ಅಂಟಿಸಿದರೆ ತಗ್ಗು ಸೇತುವೆಗಳ ಭಯವಿರದು. ಕತ್ತಲಾಗುವ ಮೊದಲೇ ಬಿಡಾರ ಸೇರುವುದು ಕ್ಷೇಮ. ಮರುದಿನ ಹೊರಡುವಾಗ ನಾವು ತಂಗಿದ್ದ ಗುರುತೇ ಅಲ್ಲಿ ಉಳಿಯದಿದ್ದರೆ ಪ್ರವಾಸ ಸಾರ್ಥಕವಾದಂತೆ.