ಶಾಲೆಗಳಲ್ಲಿ ಗುರಿ ನಿಗದಿ: ನಾಲ್ಕು ಹಂತಗಳ ಮಾರ್ಗದರ್ಶನ ಕ್ರಮ

(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಪೋಷಕರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಮಗುವಿನ ಕಲಿಕೆಗೆ ಗುರಿ ನಿಗದಿಪಡಿಸುವುದೆಂದರೆ ಇಂತಿಷ್ಟು ಅಂಕ ಗಳಿಸಬೇಕೆಂದು ಸೂಚಿಸುವುದಲ್ಲ. ಮಗು ಈಗ ಯಾವ ಹಂತದಲ್ಲಿದೆ, ಮುಂದಿನ ಹಂತ ಯಾವುದು, ಅದನ್ನು ತಲುಪಲು ಯಾರು ಏನು ಮಾಡಬೇಕು ಎಂಬುದನ್ನು ಮಗು, ಶಿಕ್ಷಕರು ಮತ್ತು ಪೋಷಕರು ಕೂಡಿ ನಿರ್ಧರಿಸುವುದಾಗಿದೆ.

ಇದಕ್ಕೆ ನೆರವಾಗುವ ಕ್ರಮಗಳಲ್ಲಿ ‘ಗ್ರೋ’ ಮಾದರಿಯೂ ಒಂದು. ಜಾನ್ ವಿಟ್ಮೋರ್ ಅವರ 1992ರ ಕೃತಿಯ ಮೂಲಕ ಇದು ಪ್ರಚಾರಕ್ಕೆ ಬಂದಿತು. ಇದನ್ನು ಕೋಚಿಂಗ್ ಎಂದು ಕರೆಯಲಾಗುತ್ತದಾದರೂ ಇದು ಟ್ಯೂಷನ್ ಅಲ್ಲ. ಉತ್ತರವನ್ನು ಹೇಳಿಕೊಡುವ ಬದಲು ಪ್ರಶ್ನೆಗಳ ಮೂಲಕ ಮಗುವೇ ದಾರಿ ಕಂಡುಕೊಳ್ಳುವಂತೆ ಮಾಡುವುದು ಇದರ ಉದ್ದೇಶ. ಈ ಕ್ರಮವು ಕಡ್ಡಾಯವಲ್ಲ.

ಜಿಲ್ಲೆಯ ಹಿನ್ನೆಲೆ

ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಲಿ-ಕಲಿ ಪದ್ಧತಿ ಆರಂಭವಾಯಿತು. ಅದರಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ಮೇಲೆ ತನ್ನ ಸ್ಥಾನವನ್ನು ತಾನೇ ಗುರುತಿಸಿಕೊಂಡು, ತನ್ನದೇ ವೇಗದಲ್ಲಿ ಮುಂದುವರಿಯುತ್ತದೆ. ಕೆಳಗಿನ ಕ್ರಮವು ಇದೇ ತತ್ತ್ವವನ್ನು ಮೇಲಿನ ತರಗತಿಗಳಿಗೆ ಅನ್ವಯಿಸಲು ಅನುಕೂಲವಾಗಿದೆ.

ನಾಲ್ಕು ಹಂತಗಳು

1. ಗುರಿ: “ಗಣಿತದಲ್ಲಿ ಮುಂದೆ ಬರಬೇಕು” ಎಂಬುದು ಆಶಯ ಮಾತ್ರ. “4 ವಾರಗಳೊಳಗೆ ಛೇದಗಳು ಬೇರೆ ಬೇರೆಯಾಗಿರುವ ಭಿನ್ನರಾಶಿಗಳನ್ನು ಕೂಡಲು ಕಲಿಯುತ್ತೇನೆ” ಎಂಬುದು ಗುರಿ.

2. ವಾಸ್ತವ ಸ್ಥಿತಿ: ಮಗು ಎಲ್ಲಿ ತಪ್ಪುತ್ತಿದೆ ಎಂಬುದನ್ನು ಪರಿಶೀಲಿಸುವುದು. ತೊಡಕು ಭಿನ್ನರಾಶಿಯಲ್ಲಿರದೆ ಮಗ್ಗಿಯಲ್ಲಿರಬಹುದು. ಹಾಜರಾತಿ, ಬಸ್ಸಿನ ಸಮಯ, ಕಟಾವಿನ ಕಾಲದ ಮನೆಗೆಲಸ ಇವುಗಳನ್ನೂ ಗಮನಿಸಬೇಕು. ನಂಜನಗೂಡಿನ ದೊಡ್ಡ ಜಾತ್ರೆ ಫಾಲ್ಗುಣ ಮಾಸದಲ್ಲಿ, ವಾರ್ಷಿಕ ಪರೀಕ್ಷೆಯ ಆಸುಪಾಸಿನಲ್ಲಿ ಬರುತ್ತದೆ. ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ಜರುಗುತ್ತಿದೆ. ಇಂತಹ ದಿನಗಳನ್ನು ಕಳೆದು ಉಳಿದ ದಿನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ.

3. ಆಯ್ಕೆಗಳು: ಸಹಪಾಠಿಯೊಡನೆ ಅಭ್ಯಾಸ, ದಿನಕ್ಕೆ 10 ನಿಮಿಷ ಮಗ್ಗಿ, ಶಿಕ್ಷಕರಿಂದ ಹೆಚ್ಚುವರಿ ಬೋಧನೆ ಮುಂತಾದವು. ಮೊದಲು ಮಗುವಿನ ಅಭಿಪ್ರಾಯವನ್ನು ಕೇಳಬೇಕು.

4. ಸಂಕಲ್ಪ: ಏನು ಮಾಡುವುದು, ಎಂದಿನಿಂದ, ಯಾರ ನೆರವಿನಿಂದ, ಮರುಪರಿಶೀಲನೆ ಯಾವ ದಿನ ಎಂಬುದನ್ನು ಬರೆದಿಡುವುದು.

ಗಮನಿಸಬೇಕಾದ ಅಂಶ

ಗುರಿ ಈಡೇರದಿದ್ದಲ್ಲಿ ಎರಡನೆಯ ಹಂತಕ್ಕೆ ಮರಳಿ ಕಾರಣವನ್ನು ಹುಡುಕಬೇಕೇ ಹೊರತು ಮಗುವನ್ನು ಇತರರೊಡನೆ ಹೋಲಿಸಿ ಹೀಯಾಳಿಸಬಾರದು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕರಣ 17 ದೈಹಿಕ ದಂಡನೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ.

ಪೋಷಕರಿಗಿರುವ ಹಕ್ಕುಗಳು

ಮೇಲಿನ ಕ್ರಮವು ಐಚ್ಛಿಕವಾದರೂ, 1-4-2010ರಿಂದ ಜಾರಿಯಲ್ಲಿರುವ ಸದರಿ ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಈ ಕೆಳಗಿನವುಗಳನ್ನು ಖಚಿತಪಡಿಸಿದೆ:

ಅ) ಶಿಕ್ಷಕರು ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡತಕ್ಕದ್ದು (ಪ್ರಕರಣ 24).

ಆ) ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ ಹಾಜರಾತಿ, ಕಲಿಕಾ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸತಕ್ಕದ್ದು (ಪ್ರಕರಣ 24).

ಇ) ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಸದಸ್ಯರು ಪೋಷಕರಾಗಿರತಕ್ಕದ್ದು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರತಕ್ಕದ್ದು (ಪ್ರಕರಣ 21). ರಾಜ್ಯದಲ್ಲಿ ಇದು ಎಸ್.ಡಿ.ಎಂ.ಸಿ. ಎಂದು ಪರಿಚಿತವಾಗಿದೆ. ಶಾಲಾ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ಸಿದ್ಧಪಡಿಸಬೇಕು (ಪ್ರಕರಣ 22).

ಮಾಹಿತಿ ಅಥವಾ ಪರಿಹಾರ ಕೋರುವ ವಿಧಾನ

ಮಗುವಿನ ಪ್ರಗತಿಯ ವಿವರ ದೊರೆಯದಿದ್ದಲ್ಲಿ ಪೋಷಕರು ಮೊದಲು ತರಗತಿ ಶಿಕ್ಷಕರನ್ನು, ಅನಂತರ ಮುಖ್ಯ ಶಿಕ್ಷಕರನ್ನು ಮತ್ತು ಎಸ್.ಡಿ.ಎಂ.ಸಿ.ಯನ್ನು ಸಂಪರ್ಕಿಸಬಹುದು. ಅಲ್ಲಿಯೂ ಬಗೆಹರಿಯದಿದ್ದಲ್ಲಿ ಸಂಬಂಧಪಟ್ಟ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಮಗುವಿನ ಹೆಸರು, ತರಗತಿ, ಶಾಲೆ, ಶಾಲೆಯನ್ನು ಸಂಪರ್ಕಿಸಿದ ದಿನಾಂಕಗಳು ಹಾಗೂ ಕೋರಿಕೆಯನ್ನು ಸ್ಪಷ್ಟವಾಗಿ ನಮೂದಿಸಿ, ಸ್ವೀಕೃತಿ ಪಡೆಯುವುದು.

ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಪ್ರಕರಣ 32ರಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ನೀಡಬಹುದು. ಅದು 3 ತಿಂಗಳೊಳಗೆ ಇತ್ಯರ್ಥವಾಗತಕ್ಕದ್ದು.