ಮದ್ದಿಗೆ ಮುನ್ನ ಮಿದುಳಿನ ಚಿತ್ರ

'ಪಾರ್ಶ್ವವಾಯು' ಎಂಬ ಮಾತಿನಲ್ಲಿ ಪಕ್ಕವೂ ಉಂಟು, ವಾಯುವೂ ಉಂಟು. ಮಿದುಳಿನ ಸುಳಿವು ಮಾತ್ರ ಇಲ್ಲ. ಬಿದ್ದುಹೋದ ಕೈಕಾಲು, ಸೊಟ್ಟಗಾದ ಬಾಯಿ, ತೊದಲುವ ನುಡಿ: ಹೊರಗೆ ಕಂಡದ್ದಕ್ಕೆ ಹಿರಿಯರು ಹೆಸರಿಟ್ಟರು. ಒಳಗೆ ನಡೆಯುವುದು ಎರಡರಲ್ಲಿ ಒಂದು. ಹೆಚ್ಚಿನವರಲ್ಲಿ ರಕ್ತದ ಹೆಪ್ಪು ಮಿದುಳಿನ ನಾಳವನ್ನು ಮುಚ್ಚಿರುತ್ತದೆ. ಉಳಿದವರಲ್ಲಿ ನಾಳವೇ ಒಡೆದು ರಕ್ತ ಸೋರಿರುತ್ತದೆ. ಹೊರಲಕ್ಷಣ ನೋಡಿ ಇವೆರಡನ್ನು ಖಚಿತವಾಗಿ ಬೇರ್ಪಡಿಸುವುದು ಎಂಥ ವೈದ್ಯನಿಗೂ ಸಾಧ್ಯವಿಲ್ಲ.

ಸ್ವಿಟ್ಜರ್ಲೆಂಡಿನ ವೈದ್ಯ ವೆಪ್ಫರ್ ಈ ರೋಗದಿಂದ ಮಡಿದವರ ಮಿದುಳಿನಲ್ಲಿ ರಕ್ತ ಸೋರಿದ್ದನ್ನು ಕಂಡು 1658ರ ತನ್ನ ಗ್ರಂಥದಲ್ಲಿ ಬರೆದಿಟ್ಟ. ಆದರೆ ಅದು ಶವವನ್ನು ಕೊಯ್ದು ಪಡೆದ ಜ್ಞಾನ. ಬದುಕಿರುವ ರೋಗಿಯ ಮಿದುಳನ್ನು ಪದರಪದರವಾಗಿ ಕಾಣಲು ಮುನ್ನೂರು ವರ್ಷಗಳಿಗೂ ಮೇಲೆ ಕಾಯಬೇಕಾಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಮೊದಲ ರೋಗಿಯ ಚಿತ್ರ ತೆಗೆಯಿತು. ಅಂಥ ಚಿತ್ರದಲ್ಲಿ ಹೊಸದಾಗಿ ಸೋರಿದ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ.

ಹೆಪ್ಪು ಕರಗಿಸುವ ಮದ್ದಿಗೆ ಈ ನೋಟವೇ ಆಧಾರವಾಯಿತು. ನಾಳ ಮುಚ್ಚಿದವನನ್ನು ಉಳಿಸಬಲ್ಲ ಮದ್ದು, ನಾಳ ಒಡೆದವನನ್ನು ಕೊಲ್ಲಬಲ್ಲುದು. 1995ರಲ್ಲಿ ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಸಿ.ಟಿ. ಚಿತ್ರದಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಂಡು, ಮೂರು ಗಂಟೆಯೊಳಗೆ ಮದ್ದು ಕೊಟ್ಟಾಗ ಹೆಚ್ಚು ಮಂದಿ ಊನವಿಲ್ಲದೆ ಚೇತರಿಸಿಕೊಂಡರು. ಆದರೂ ಮದ್ದು ಪಡೆದವರಲ್ಲಿ ಶೇಕಡಾ 6.4 ಮಂದಿಗೆ ಮಿದುಳಿನಲ್ಲಿ ಅಪಾಯಕರ ರಕ್ತಸ್ರಾವವಾಯಿತು. ಪಡೆಯದವರಲ್ಲಿ ಅದು ಶೇಕಡಾ 0.6. ಮರುವರ್ಷ ಅಮೆರಿಕದ ಸರ್ಕಾರ ಈ ಮದ್ದಿಗೆ ಒಪ್ಪಿಗೆಯಿತ್ತಿತು. 2008ರಲ್ಲಿ ಯೂರೋಪಿನ ಪರೀಕ್ಷೆಯೊಂದು ನಾಲ್ಕೂವರೆ ಗಂಟೆಯವರೆಗೂ ಪ್ರಯೋಜನವುಂಟೆಂದು ತೋರಿಸಿತು.

ಹೀಗೆ ಗಡಿಯಾರವೇ ತೀರ್ಪುಗಾರನಾಯಿತು. ಆದರೆ ರಾತ್ರಿ ಸುಖವಾಗಿ ಮಲಗಿ, ಬೆಳಗ್ಗೆ ಏಳುವಾಗ ಕೈ ಎತ್ತಲಾರದವನ ಗತಿಯೇನು? ರೋಗ ಹತ್ತು ಗಂಟೆಗೆ ಬಂತೋ, ಬೆಳಗಿನ ಜಾವಕ್ಕೆ ಬಂತೋ ಹೇಳುವವರಿಲ್ಲ. ಅವನು ಚೆನ್ನಾಗಿದ್ದುದನ್ನು ಕೊನೆಗೆ ಕಂಡ ಗಳಿಗೆಯಿಂದಲೇ ಲೆಕ್ಕ. ಹಾಗಾಗಿ ಅಂಥವನಿಗೆ ಮದ್ದು ಸಿಗುತ್ತಿರಲಿಲ್ಲ.

ಇದಕ್ಕೆ ಉತ್ತರದ ಬೀಜ 1981ರಷ್ಟು ಹಿಂದೆಯೇ ಇತ್ತು. ಆಸ್ಟ್ರುಪ್, ಸೀಸ್ಯೊ, ಸೈಮನ್ ಎಂಬ ಮೂವರು ವಿಜ್ಞಾನಿಗಳು, ಸಾಯುತ್ತಿರುವ ಭಾಗದ ಸುತ್ತ ಕೆಲಸ ನಿಲ್ಲಿಸಿಯೂ ಜೀವ ಹಿಡಿದುಕೊಂಡಿರುವ ಭಾಗಕ್ಕೆ ಗ್ರಹಣದ ಅರೆನೆರಳಿನ ಹೆಸರಿಟ್ಟು ವಿವರಿಸಿದರು. ಅಕ್ಕಪಕ್ಕದ ನಾಳಗಳು ಎಷ್ಟು ರಕ್ತ ಒದಗಿಸುತ್ತವೆ ಎಂಬುದರ ಮೇಲೆ ಆ ಭಾಗ ಒಬ್ಬನಲ್ಲಿ ಬೇಗ, ಇನ್ನೊಬ್ಬನಲ್ಲಿ ತಡವಾಗಿ ಅಳಿಯುತ್ತದೆ. ಹಾಗಾದರೆ ಕೇಳಬೇಕಾದದ್ದು ಗಡಿಯಾರವನ್ನಷ್ಟೇ ಅಲ್ಲ, ಮಿದುಳನ್ನೂ.

ಎಂ.ಆರ್.ಐ. ಅದಕ್ಕೆ ದಾರಿಮಾಡಿತು. ಅದರ ಒಂದು ಬಗೆಯ ಚಿತ್ರದಲ್ಲಿ ಹಾನಿ ಬಹುಬೇಗ ಕಾಣುತ್ತದೆ; ಇನ್ನೊಂದರಲ್ಲಿ ಕಾಣಲು ಕೆಲವು ಗಂಟೆ ಬೇಕು. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ರೋಗ ಇನ್ನೂ ಹೊಸದು. ಹೀಗೆ ಆರಿಸಿದ, ರೋಗ ಬಂದ ವೇಳೆ ತಿಳಿಯದ 503 ರೋಗಿಗಳ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. ಮದ್ದು ಪಡೆದವರಲ್ಲಿ ಶೇಕಡಾ 53.3, ಪಡೆಯದವರಲ್ಲಿ ಶೇಕಡಾ 41.8 ಮಂದಿ ಮೂರು ತಿಂಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ರಕ್ತಸ್ರಾವದ ಭಯ ಇಲ್ಲಿಯೂ ತಪ್ಪಲಿಲ್ಲ.

ಚಿತ್ರ ಬಂದಿತೆಂದು ಗಡಿಯಾರ ನಿಂತಿಲ್ಲ. ಎಷ್ಟು ಉಳಿದಿದೆಯೆಂದು ಚಿತ್ರ ತೋರಿಸೀತು, ಕಳೆದುಹೋದದ್ದನ್ನು ತಂದುಕೊಡಲಾರದು. 'ಬೆಳಗಾಗಲಿ, ನೋಡೋಣ' ಎಂದು ರೋಗಿಯನ್ನು ಮಲಗಿಸುವ ಮನೆಗೆ ಈ ಮುನ್ನೂರೈವತ್ತು ವರ್ಷಗಳ ದುಡಿಮೆಯಿಂದ ಏನೂ ದಕ್ಕುವುದಿಲ್ಲ.