ಅಂಗಿಯ ಮೇಲಿನ ಹೆಸರು

ಕ್ರಿಕೆಟ್ ನೋಡುವಾಗ ರನ್ನು, ವಿಕೆಟ್ಟು ಎಲ್ಲ ಲೆಕ್ಕ ಇಡುತ್ತೀರಿ. ಆಟಗಾರರ ಅಂಗಿಯ ಮೇಲೆ ಯಾರ ಹೆಸರಿದೆ, ಅದು ಅಲ್ಲಿಗೆ ಹೇಗೆ ಬಂತು ಎಂದು ಯೋಚಿಸಿದ್ದೀರಾ? ಕಂಪನಿಗಳು ಅಭಿಮಾನಿಗಳನ್ನು ಹುಡುಕಿಕೊಂಡು ಬಂದ ಚರಿತ್ರೆ ಆ ಹೆಸರುಗಳಲ್ಲಿದೆ. ಅದರ ಮೊದಲ ಪುಟಗಳು ಸಿಗುವುದು ನಾವೀಗ ಬದುಕುತ್ತಿರುವ ಈ ಬ್ರಿಟನ್ನಿನಲ್ಲೇ.

1963ರಲ್ಲಿ ಇಂಗ್ಲೆಂಡಿನ ಕೌಂಟಿ ತಂಡಗಳಿಗೆ ಒಂದು ದಿನದ ಪಂದ್ಯಾವಳಿ ಆರಂಭವಾಯಿತು. ಕ್ಷೌರದ ಬ್ಲೇಡು ಮಾರುವ ಜಿಲೆಟ್ ಕಂಪನಿ ಹಣ ಕೊಟ್ಟಿತು, ಕಪ್ಪಿಗೆ ಅದರ ಹೆಸರೇ ಬಂತು. 1965ರಲ್ಲಿ ಬ್ರಿಟನ್ ಸರ್ಕಾರ ಟಿವಿಯಲ್ಲಿ ಸಿಗರೇಟಿನ ಜಾಹೀರಾತನ್ನು ನಿಷೇಧಿಸಿತು. ನಾಲ್ಕೇ ವರ್ಷಕ್ಕೆ, 1969ರಲ್ಲಿ, ಭಾನುವಾರದ ಜಾನ್ ಪ್ಲೇಯರ್ ಲೀಗ್ ಶುರುವಾಯಿತು. ಜಾನ್ ಪ್ಲೇಯರ್ ಅಂದರೆ ಸಿಗರೇಟಿನ ಹೆಸರು. ಜಾಹೀರಾತನ್ನೇ ಹಾಕದ ಬಿಬಿಸಿಯಲ್ಲಿ ಆ ಪಂದ್ಯಗಳು ಪ್ರಸಾರವಾದವು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಗಾದೆ ಕೇಳಿದ್ದೀರಲ್ಲ? ಕಾನೂನಿನ ಮುಂದೆ ಕಂಪನಿಗಳು ಆಡಿದ್ದು ಅದೇ ಆಟ.

ಭಾರತದಲ್ಲೂ ಇದೇ ನಡೆಯಿತು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್. ಬೌಂಡರಿ ಹೊಡೆದು ಕೆಣಕಿದ ಆಮಿರ್ ಸೊಹೈಲ್‌ರನ್ನು ನಮ್ಮ ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದ ಕಥೆಯನ್ನು ನಿಮ್ಮ ಅಪ್ಪ ಅಮ್ಮನ ಹತ್ತಿರ ಕೇಳಿ, ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಆ ಪಂದ್ಯಾವಳಿಯ ಹೆಸರು ವಿಲ್ಸ್ ವಿಶ್ವಕಪ್. ವಿಲ್ಸ್ ಅಂದರೆ ಇಲ್ಲಿಯ ಬ್ರಿಸ್ಟಲ್ ನಗರದ ತಂಬಾಕು ಮನೆತನ. ಅದು ನಾಟಿಂಗ್‌ಹ್ಯಾಮಿನ ಜಾನ್ ಪ್ಲೇಯರ್ ಮತ್ತಿತರ ಕಂಪನಿಗಳೊಂದಿಗೆ ಸೇರಿ 1901ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಆಯಿತು. 1910ರಲ್ಲಿ ಭಾರತದಲ್ಲಿ ಹುಟ್ಟಿದ ಇಂಪೀರಿಯಲ್ ಟೊಬ್ಯಾಕೊ ಕಂಪನಿಯೇ ಇಂದಿನ ಐಟಿಸಿ. ಅದರ ವಿಲ್ಸ್ ಹೆಸರು ಭಾರತ ತಂಡದ ಅಂಗಿಯ ಮೇಲೂ ಇತ್ತು. ದೂರದರ್ಶನದಲ್ಲಿ ಸಿಗರೇಟಿನ ಜಾಹೀರಾತಿಗೆ ಅವಕಾಶವಿರಲಿಲ್ಲ, ಆದರೆ ಸಿಗರೇಟಿನ ಹೆಸರು ಹೊತ್ತ ಆಟಗಾರರು ದಿನವಿಡೀ ಅಲ್ಲಿ ಕಾಣುತ್ತಿದ್ದರು. 2001ರಲ್ಲಿ ಐಟಿಸಿ ಹಿಂದೆ ಸರಿಯಿತು. 2003ರ ಕಾನೂನು ಭಾರತದಲ್ಲಿ ತಂಬಾಕಿನ ಪ್ರಾಯೋಜಕತ್ವಕ್ಕೆ ತಡೆ ಹಾಕಿತು.

ಆಮೇಲೆ ಮದ್ಯದ ಸರದಿ. 2008ರಲ್ಲಿ ಐಪಿಎಲ್ ಬಂದಾಗ ಬೆಂಗಳೂರಿನ ತಂಡವನ್ನು ಕೊಂಡವರು ಮದ್ಯದ ಉದ್ಯಮಿ ವಿಜಯ್ ಮಲ್ಯ. ಭಾರತದ ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕುವಂತಿಲ್ಲ. ತಂಡಕ್ಕೆ ಇಟ್ಟ ಹೆಸರು ರಾಯಲ್ ಚಾಲೆಂಜರ್ಸ್, ಅವರ ಕಂಪನಿಯ ವಿಸ್ಕಿಯ ಹೆಸರು ರಾಯಲ್ ಚಾಲೆಂಜ್. ಈ ಸಲ ಕಪ್ ನಮ್ದೇ ಎಂದು ನಾವೆಲ್ಲ ವರ್ಷಗಟ್ಟಲೆ ಕೂಗಿದೆವು. 2025ರಲ್ಲಿ ಕಪ್ ಬಂದೂ ಬಂತು. ನಮ್ಮ ಪ್ರೀತಿ ಊರಿನ ಮೇಲೆ, ಆಟಗಾರರ ಮೇಲೆ. ಪ್ರತಿ ಕೂಗಿನಲ್ಲೂ ವಿಸ್ಕಿಯ ಹೆಸರು ಮಕ್ಕಳ ಬಾಯಲ್ಲೂ ಬಂತು ಎಂಬುದೂ ಅಷ್ಟೇ ನಿಜ.

ಇತ್ತೀಚಿನದು ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟ. 2023ರಲ್ಲಿ ಡ್ರೀಮ್ 11 ಭಾರತ ತಂಡದ ಮುಖ್ಯ ಪ್ರಾಯೋಜಕ ಕಂಪನಿಯಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಡ್ರೀಮ್ 11 ಹೆಸರು ಅಂಗಿಯಿಂದ ಮರೆಯಾಯಿತು.

ಸಿಗರೇಟು, ಮದ್ಯ, ಹಣದ ಆಟ. ಮೂರಕ್ಕೂ ಕ್ರೀಡೆಯೇ ಏಕೆ ಬೇಕಾಯಿತು? ಜಾಹೀರಾತು ಬಂದರೆ ನಾವು ಚಾನೆಲ್ ಬದಲಿಸುತ್ತೇವೆ, ನಮ್ಮ ತಂಡದಿಂದ ಮುಖ ತಿರುಗಿಸುವುದಿಲ್ಲ. ಆಟಗಾರನ ಮೇಲಿನ ನಂಬಿಕೆ ಅವನ ಅಂಗಿಯ ಮೇಲಿನ ಹೆಸರಿಗೂ ಸ್ವಲ್ಪ ಅಂಟಿಕೊಳ್ಳುತ್ತದೆ. ಕಂಪನಿ ದುಡ್ಡು ಕೊಡುವುದು ಆ ಅಂಟಿಗೆ.

ಹಾಗೆಂದು ಪ್ರಾಯೋಜಕತ್ವವೇ ಕೆಟ್ಟದ್ದಲ್ಲ. ಹಣವಿಲ್ಲದೆ ಸಣ್ಣ ತಂಡಗಳು ಬದುಕುವುದು ಕಷ್ಟ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳನ್ನು ಪ್ರಾಯೋಜಿಸಿದ್ದು ನಮ್ಮ ಕರ್ನಾಟಕ ಹಾಲು ಮಹಾಮಂಡಳಿ. ಸ್ಕಾಟ್ಲೆಂಡ್ ಆಟಗಾರರ ಅಂಗಿಯ ಮೇಲೆ ಕನ್ನಡ ಅಕ್ಷರಗಳಲ್ಲಿ 'ನಂದಿನಿ' ಎಂದಿತ್ತು. ಎಷ್ಟು ಹೆಮ್ಮೆ! ಆದರೂ ಅದು ಹಾಲು ಕರೆಯುವ ರೈತರ ಸಹಕಾರ ಸಂಸ್ಥೆ. ಖರ್ಚಾದ ಹಣದಿಂದ ಅವರಿಗೇನು ಲಾಭ ಎಂದು ಅಲ್ಲಿಯೂ ಕೇಳಲೇಬೇಕು.

ನಿಮ್ಮಲ್ಲಿ ಕೆಲವರು ನಾಳೆ ಜಾಹೀರಾತು ಕ್ಷೇತ್ರದಲ್ಲಿ, ಕ್ರೀಡಾ ಮಾರ್ಕೆಟಿಂಗ್‌ನಲ್ಲಿ ಕೆಲಸಕ್ಕೆ ಹೋಗುವಿರಿ. ಅಭಿಮಾನಿಗಳ ಮನಸ್ಸನ್ನು ಬಲ್ಲ ಎಳೆಯರೇ ಆ ಸಂಸ್ಥೆಗಳಿಗೆ ಬೇಕು. ಸಂದರ್ಶನದಲ್ಲಿ ಅವರು ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ನೀವೂ ಒಂದು ಕೇಳಿ: ಈ ವಸ್ತುವನ್ನು ನೇರವಾಗಿ ಮಾರಲು ಅಡ್ಡಿ ಇದೆಯೇ, ಅದಕ್ಕೇ ಆಟದ ಮೈದಾನ ಬೇಕಾಯಿತೇ? ಮನೆಯಲ್ಲಿ ಪಂದ್ಯ ನೋಡುವಾಗ ಪಕ್ಕದಲ್ಲಿ ತಮ್ಮನೋ ತಂಗಿಯೋ ಕೂತಿದ್ದರೆ ಅಂಗಿಯ ಮೇಲಿನ ಹೆಸರನ್ನು ತೋರಿಸಿ, ಅದರ ಕಥೆ ಹೇಳಿ. ತಂಡದ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ.